ಗಾಳಿ ಹಾಕಿಸಿಕೊಳ್ಳಲು ಹೊರಟ ದಿನ

ಗಾಳಿ ಹಾಕಿಸಿಕೊಂಡು ಬದುಕಿದವಳು ನಾನು. ಹೀಗೆಂದರೆ ಈಗಿನವರು ನಗುತ್ತಾರೆ. ಈಗ ಕ್ಷಯಕ್ಕೆ ಇಂಜೆಕ್ಷನ್ ಬಂದಿದೆ, ಮಾತ್ರೆ ಬಂದಿದೆ. ಮಾತ್ರೆ ದೊಡ್ಡದು, ಗಂಟಲಲ್ಲಿ ಇಳಿಯುವುದಿಲ್ಲ ಎಂದು ಮುಖ ಸಿಂಡರಿಸುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ.

ಹೋದ ವಾರ ವರ್ಷಕ್ಕೊಮ್ಮೆ ಎದೆ ತೋರಿಸುವ ಪದ್ಧತಿಯಂತೆ ಆಸ್ಪತ್ರೆಗೆ ಹೋಗಿದ್ದೆ. ಬೆಂಚಿನ ತುದಿಯಲ್ಲಿ ಒಬ್ಬ ಹುಡುಗಿ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿನಿ. ಅವತ್ತೇ ಅವಳಿಗೆ ರೋಗದ ಹೆಸರು ತಿಳಿದಿತ್ತು. ನನಗೂ ಇದೇ ಬಂದಿತ್ತು ಕಣೇ ಎಂದೆ. ಅವಳು ನಂಬದೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಮಗೆ ಭಯ ಆಗ್ಲಿಲ್ವಾ ಮಿಸ್?" ಎಂದಳು. ಬೆಂಚಿನ ಮೇಲೆ ಕೂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ಕಥೆಯಲ್ಲ ಅದು. ಅವಳಿಗಾಗಿ, ಅವಳಂತೆ ಬೆಂಚಿನ ತುದಿ ಹುಡುಕಿ ಕೂರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಮಂಡಿ ಮೊಹಲ್ಲಾದಲ್ಲಿತ್ತು. ಅಪ್ಪ ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಉಸಿರನ್ನೇ ದುಡಿಸಿ ಮನೆ ನಡೆಸುತ್ತಿದ್ದ ಮನುಷ್ಯ. ನನ್ನ ಉಸಿರಿಗೂ ಊರಲ್ಲಿ ಸ್ವಲ್ಪ ಹೆಸರಿತ್ತು. ಭಾನುವಾರ ಚರ್ಚಿನಲ್ಲಿ ನಾನು ಹಾಡಲು ನಿಂತರೆ ಹಿಂದಿನ ಸಾಲಿನವರು ಪಿಸುಮಾತು ನಿಲ್ಲಿಸುತ್ತಿದ್ದರು. ಅದರ ಜಂಬವೂ ನನಗೆ ಬೇಕಾದಷ್ಟಿತ್ತು. ಸ್ವಾತಂತ್ರ್ಯ ಬಂದ ವರ್ಷದ ಬೇಸಿಗೆಯಲ್ಲಿ, ಹಾಡಿನ ಅಭ್ಯಾಸ ಮಾಡುವಾಗ ಕೆಮ್ಮು ಬಂತು. ಕರವಸ್ತ್ರ ತೆಗೆದು ನೋಡಿದೆ, ರಕ್ತ. ಯಾರೂ ನೋಡಲಿಲ್ಲವೆಂದು ಮಡಚಿ ಇಟ್ಟುಕೊಂಡೆ. ಅಮ್ಮ ನೋಡಿದ್ದಳು.

ಎದೆಯ ಫೋಟೊ ತೆಗೆಸಿದ ದಿನ ಆಸ್ಪತ್ರೆಯಿಂದ ಹೊರಗೆ ಬಂದಾಗ ಮಟಮಟ ಮಧ್ಯಾಹ್ನ. ಬಿಸಿಲು ಸುಡುತ್ತಿದ್ದರೂ ನನಗೆ ಹಲ್ಲು ಕಟಕಟ ಎನ್ನುವಷ್ಟು ಚಳಿ. ಅಪ್ಪ ಕೆಲಸದಿಂದ ನೇರವಾಗಿ ಬಂದಿದ್ದರು. ಬ್ಯಾಂಡಿನ ಕೋಟು ಬಿಚ್ಚಿ ನನ್ನ ಹೆಗಲಿಗೆ ಹೊದಿಸಿದರು. ದಪ್ಪ ಉಣ್ಣೆಯ ಕೋಟು, ಎದೆಯುದ್ದಕ್ಕೂ ಹಿತ್ತಾಳೆಯ ಗುಂಡಿಗಳು, ಪ್ರತಿ ಗುಂಡಿಯ ಮೇಲೂ ಗಂಡಭೇರುಂಡ. ಆ ಕೋಟನ್ನು ಅಮ್ಮ ಕೂಡ ಕೈ ತೊಳೆದು ಮುಟ್ಟುತ್ತಿದ್ದಳು. "ಹೆದರ್ಕೋಬೇಡ ಸುಗುಣ, ಕರ್ತನು ಆಳ್ತಾನೆ" ಎಂದರು ಅಪ್ಪ.

ಅದು ಅವರ ಮಾತು. ಕರ್ತ ಎಂದರೆ ನಮ್ಮ ಚರ್ಚಿನವರ ಬಾಯಲ್ಲಿ ದೇವರು. ಅಕ್ಕಿ ಸಿಗದ ಯುದ್ಧದ ಕಾಲದಲ್ಲೂ ಅದೇ, ಅಜ್ಜಿ ಸತ್ತಾಗಲೂ ಅದೇ. ನನಗೆ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಕರ್ತನು ಆಳುವುದಾದರೆ ನನ್ನ ಎಡ ಎದೆಯಲ್ಲಿ ಯಾಕೆ ಆಳುತ್ತಿಲ್ಲ ಎಂದು ಕೇಳಬೇಕೆನಿಸುತ್ತಿತ್ತು. ಅಪ್ಪನಿಗೆ ಭಯವೆಂಬುದೇ ಗೊತ್ತಿಲ್ಲ, ಅದಕ್ಕೇ ಇಷ್ಟು ಸಲೀಸಾಗಿ ಹೇಳುತ್ತಾರೆ ಎಂದುಕೊಂಡಿದ್ದೆ.

ಮನೆಯಲ್ಲಿ ನನ್ನ ತಟ್ಟೆ, ಲೋಟ, ಚಾಪೆ ಬೇರೆಯಾದವು. ಅಮ್ಮ ಅವುಗಳನ್ನು ಬೇರೆ ಮೂಲೆಗೆ ಸರಿಸುವಾಗ ನನ್ನ ಮುಖ ನೋಡಲಿಲ್ಲ. ಗೊತ್ತಾಗಿದ್ದ ಮದುವೆ ಸದ್ದಿಲ್ಲದೆ ಮುರಿದುಬಿತ್ತು. ಸೋದರತ್ತೆ ಗೇಟಿನ ಹೊರಗೇ ನಿಂತು ಪ್ರಾರ್ಥನೆ ಮಾಡಿ, ನೀರು ಕೂಡ ಮುಟ್ಟದೆ ಹೋದಳು. ಗೇಟಿನಾಚೆಯಿಂದ ಮಾಡಿದ ಪ್ರಾರ್ಥನೆ ಒಳಗೆ ಬರುತ್ತದೋ ಇಲ್ಲವೋ ಎಂದು ನಾನು ಅಮ್ಮನನ್ನು ಕೇಳಿದೆ. ಅಮ್ಮನಿಗೆ ನಗು ಬಂದು, ಆಮೇಲೆ ಅಳು ಬಂತು.

ಒಳಗೆ ಬಂದವಳು ಹಾಲಿನ ಗೌರಮ್ಮ ಒಬ್ಬಳೇ. ಆಸ್ಪತ್ರೆಯಲ್ಲಿ ನನಗೆ ಗಾಳಿ ಹಾಕುತ್ತಾರೆ ಎಂದು ಅಮ್ಮ ಹೇಳಿದ್ದನ್ನು ಅವಳು ಗಾಳಿ ಮೆಟ್ಟಿಕೊಂಡಿದೆ ಎಂದು ಕೇಳಿಸಿಕೊಂಡಿದ್ದಳು. ಮರುದಿನ ಮಂತ್ರಿಸಿದ ಕಪ್ಪು ದಾರ ತಂದು ನನ್ನ ಕೈಗೆ ಕಟ್ಟಲು ಬಂದಳು. "ನಿಮ್ ದೇವ್ರು ಏನೂ ಅನ್ಕೊಳಲ್ಲ ಬುಡವ್ವ, ನನ್ ಸಮಾಧಾನಕ್ಕೆ" ಎಂದಳು. ಅಮ್ಮ ಧರ್ಮಸಂಕಟದಿಂದ ಅಪ್ಪನನ್ನು ನೋಡಿದಳು. ಅಪ್ಪ ದಾರವನ್ನು ತೆಗೆದುಕೊಂಡರು, ಕಟ್ಟಲಿಲ್ಲ, ಆದರೆ ಗೌರಮ್ಮನನ್ನು ಕೂರಿಸಿ ಕಾಫಿ ಕೊಡಿಸಿದರು. ಅವಳು ನನ್ನ ಪಕ್ಕದಲ್ಲೇ ಕೂತು ಕುಡಿದಳು.

ಗಾಳಿ ಹಾಕುವುದೆಂದರೆ ಇಷ್ಟೇ. ಕೆಟ್ಟ ಶ್ವಾಸಕೋಶಕ್ಕೆ ವಿಶ್ರಾಂತಿ ಬೇಕು. ಪಕ್ಕೆಯ ಎಲುಬುಗಳ ನಡುವೆ ಸೂಜಿ ತೂರಿಸಿ ಅದರ ಸುತ್ತ ಗಾಳಿ ತುಂಬಿದರೆ ಅದು ಮುದುಡಿ ಮಲಗುತ್ತದೆ. ತುಂಬಿದ ಗಾಳಿ ಇಂಗಿ ಹೋಗುವುದರಿಂದ ವಾರ ವಾರ ಮತ್ತೆ ಹಾಕಿಸಬೇಕು. ನನಗೆ ಸೂಜಿಗಿಂತ ಹೆಚ್ಚು ಭಯವಿದ್ದದ್ದು ಅದಕ್ಕೆ ಸೇರಿಸಿದ ಗಾಜಿನ ಕೊಳವೆಯ ನೀರಿನದು. ಸೂಜಿ ಸರಿಯಾದ ಜಾಗಕ್ಕೆ ಹೋದರೆ ನನ್ನ ಉಸಿರಿನ ಜೊತೆ ನೀರು ಮೇಲೆ ಕೆಳಗೆ ಆಡುತ್ತಿತ್ತು. ಆಡಿದರೆ ಒಳಗೆ ಜಾಗ ಇದೆ ಎಂದರ್ಥ. ಆಗ ಡಾಕ್ಟರಮ್ಮ "ಹ್ಞೂಂ" ಎನ್ನುತ್ತಿದ್ದರು. ಆ ಒಂದು ಹ್ಞೂಂಕಾರಕ್ಕೆ ನಾನು ವಾರವಿಡೀ ಕಾಯುತ್ತಿದ್ದೆ. ಜೋರಾಗಿ ಮಾತಾಡಕೂಡದು, ಹಾಡುವ ಮಾತಂತೂ ಇಲ್ಲ, ಪಿಸುದನಿಯಲ್ಲೇ ಎಲ್ಲ ಎಂದು ಕಟ್ಟಪ್ಪಣೆ ಮಾಡಿದ್ದರು. ಬಾಯಿಬಡುಕಿ ಎಂದು ಹೆಸರಾಗಿದ್ದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಮೈಸೂರಿನಲ್ಲಿ ಮಾತ್ರ ಜವಾಬ್ದಾರಿ ಸರ್ಕಾರ ಬೇಕೆಂಬ ಚಳವಳಿ ಶುರುವಾಯಿತು. ಪ್ರಜೆಗಳು ಆರಿಸಿದವರೇ ಆಳಬೇಕು ಎಂದು ವಿದ್ಯಾರ್ಥಿಗಳು ಬೀದಿಗೆ ಇಳಿದರು. ಹರತಾಳ, ಲಾಠಿ, ಜೈಲು. ನಮ್ಮ ಚರ್ಚಿನಲ್ಲೂ ಎರಡು ಪಂಗಡವಾಯಿತು. ಪ್ರತಿ ಭಾನುವಾರ ಮಹಾರಾಜರಿಗಾಗಿ ಮಾಡುವ ಪ್ರಾರ್ಥನೆಗೆ ಕೆಲವು ತರುಣರು ಬೇಕೆಂದೇ ಕೆಮ್ಮತೊಡಗಿದರು. ನಿಜವಾದ ಕೆಮ್ಮಿದ್ದ ನನಗೆ ಅವರನ್ನು ಕಂಡು ಸಿಟ್ಟು. ಅಯ್ಯನವರು, ನಮ್ಮ ಪಾದ್ರಿಗಳು, ಒಂದು ಭಾನುವಾರ ಆಳುವವರಿಗಾಗಿಯೂ ಜೈಲಿನಲ್ಲಿರುವವರಿಗಾಗಿಯೂ ಒಂದೇ ಉಸಿರಿನಲ್ಲಿ ಪ್ರಾರ್ಥಿಸಿದರು. ಎರಡು ಪಂಗಡವೂ ಮುನಿಸಿಕೊಂಡಿತು. ಎರಡಕ್ಕೂ ಗಟ್ಟಿಯಾಗಿ ಆಮೆನ್ ಅಂದವರು ಅಪ್ಪ ಒಬ್ಬರೇ.

ಗಲಾಟೆಯಿಂದಾಗಿ ಒಂದು ವಾರ ಆಸ್ಪತ್ರೆಗೆ ಹೋಗಲಾಗಲಿಲ್ಲ. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು: ಎರಡು ವಾರ ತಪ್ಪಿದರೆ ಶ್ವಾಸಕೋಶ ಉಬ್ಬಿ ಪಕ್ಕೆಗೆ ಅಂಟಿಕೊಳ್ಳುತ್ತದೆ, ಅಂಟಿಕೊಂಡರೆ ಮತ್ತೆ ಗಾಳಿ ಹಾಕಲು ಜಾಗವೇ ಇರುವುದಿಲ್ಲ. ಆಮೇಲೆ ಏನು ಮಾಡುತ್ತೀರಿ ಎಂದು ನಾನು ಪಿಸುದನಿಯಲ್ಲಿ ಕೇಳಿದ್ದೆ. ಅವರು ಕೈ ತೊಳೆಯಲು ಹೋಗಿದ್ದರು. ಎರಡನೆಯ ವಾರ ಬಂದಾಗ ಎದೆಯೊಳಗೆ ಎಳೆದಂತೆ ನೋವು, ಸಂಜೆ ಸಂಜೆ ಜ್ವರ. ಅಮ್ಮ ಬಾಗಿಲಲ್ಲಿ ನಿಂತು ಬೀದಿ ನೋಡುವುದು, ಒಳಗೆ ಬಂದು ನನ್ನ ನೋಡುವುದು, ಇದೇ ಆಯಿತು. ಅವತ್ತು ಪೂರ್ತಿ ಹರತಾಳ. ಆದರೂ ಅಪ್ಪ ಪರಿಚಯದ ಬಾಷಾ ಸಾಬರನ್ನು ಕಾಡಿ ಬೇಡಿ ಜಟಕಾ ಹೂಡಿಸಿದರು.

ಬೆಳಗಿನಿಂದ ತುಂತುರು ಮಳೆ. ಅಪ್ಪ ಎಂದಿನಂತೆ ತಮ್ಮ ಕೋಟನ್ನು ನನಗೆ ಹೊದಿಸಿದರು. ಆ ದಿನ ಆ ಕೋಟು ಬೇಡವೆಂದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅದು ನಮಗೆ ಚಳಿಯ ಕೋಟಾಗಿತ್ತು, ಅರಮನೆಯ ಕೋಟು ಎಂಬುದು ಮರೆತೇಹೋಗಿತ್ತು.

ಆಸ್ಪತ್ರೆ ಇದ್ದದ್ದು ಲಕ್ಷ್ಮೀಪುರಂ ಆಚೆ. ಅಂಗಡಿ ಬೀದಿಯೆಲ್ಲ ಬಾಗಿಲು ಹಾಕಿತ್ತು. ಮಾರುಕಟ್ಟೆ ದಾಟಿ ದೊಡ್ಡ ಗಡಿಯಾರದ ಕಡೆ ಬರುವಷ್ಟರಲ್ಲಿ ಗುಂಪು ಎದುರಾಯಿತು. ರಸ್ತೆ ತುಂಬ ಜನ. ನಾಲ್ಕಾರು ಮಂದಿ ಕುದುರೆಯ ಕಡಿವಾಣ ಹಿಡಿದು ನಿಲ್ಲಿಸಿದರು. ಹರತಾಳದ ದಿನ ಜಟಕಾ ಹೂಡಲು ಎಷ್ಟು ಧೈರ್ಯ ಎಂದು ಸಾಬರನ್ನು ಗದರಿದರು. ಸಾಬರು ಕೈಮುಗಿದು, ಕಾಯಿಲೆ ಮಗು ಎಂದರು. ಒಬ್ಬ ಒಳಗೆ ಇಣುಕಿದ. ಗುಂಡಿಗಳ ಮೇಲಿನ ಗಂಡಭೇರುಂಡ ಕಂಡಿತು.

"ಅರಮನೆಯೋರು ಕಣ್ರೋ" ಎಂದು ಅವನು ಕೂಗಿದ.

ಗುಂಪು ಜಟಕಾದ ಸುತ್ತ ಒತ್ತಿಕೊಂಡಿತು. ಗಾಡಿ ಅಲುಗಾಡತೊಡಗಿತು. ಜವಾಬ್ದಾರಿ ಸರ್ಕಾರಕ್ಕೆ ಜೈ ಎಂದು ಕೂಗಿದರೆ ಬಿಡುತ್ತೇವೆ ಎಂದರು. ಅಪ್ಪ ಕೂಗಲಿಲ್ಲ. ಕೂಗಬಾರದೇ ಎಂದು ನಾನು ಅವರ ತೋಳು ಹಿಡಿದು ಅಲುಗಿಸಿದೆ. ಒಂದು ಜೈಕಾರಕ್ಕೆ ಏನು ಖರ್ಚು, ನನ್ನ ಎದೆ ಇಲ್ಲಿ ಅಂಟಿಕೊಳ್ಳುತ್ತಿದೆ ಎಂದು ಒಳಗೆ ಕಿರುಚುತ್ತಿದ್ದೆ.

"ನಾನು ಅವರ ಅನ್ನ ತಿಂದೋನು ಕಣಪ್ಪ. ನೀವು ಕೇಳ್ತಿರೋದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಹೆದರಿಸಿ ಕೂಗ್ಸಿದ್ರೆ ಅದು ಜೈಕಾರ ಅಲ್ಲ" ಎಂದರು ಅಪ್ಪ.

"ಆಗಾದ್ರೆ ನಿನ್ ಪ್ರಕಾರ ಆಳೋರು ಯಾರಯ್ಯ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಅಪ್ಪ ಅಭ್ಯಾಸಬಲದಿಂದ ಅಂದೇಬಿಟ್ಟರು, "ಕರ್ತನು ಆಳ್ತಾನೆ."

ಆ ಗುಂಪಿನಲ್ಲಿ ಯಾರಿಗೂ ನಮ್ಮ ಚರ್ಚಿನ ಮಾತು ಗೊತ್ತಿರಲಿಲ್ಲ. ಕರ್ತ ಎಂದರೆ ಯಾರು, ಹೊಸ ದಿವಾನನೇ ಎಂದು ಒಬ್ಬ ಕೇಳಿದ. ಅಲ್ಲ, ಅರಮನೆಯ ದೊಡ್ಡ ಅಧಿಕಾರಿ ಇರಬೇಕು ಎಂದ ಇನ್ನೊಬ್ಬ. ನೋಡನೋಡುತ್ತ ಆ ಅಧಿಕಾರಿಗೆ ಧಿಕ್ಕಾರ ಎಂದು ಕೂಗು ಎದ್ದಿತು. ನನ್ನ ಕಣ್ಣೆದುರಿಗೇ ನಮ್ಮ ಕರ್ತನಿಗೆ ಮೈಸೂರಿನ ನಡುಬೀದಿಯಲ್ಲಿ ಧಿಕ್ಕಾರ ಹಾಕಲಾಗುತ್ತಿತ್ತು. ಅಪ್ಪ ತಬ್ಬಿಬ್ಬಾದರು. ಕಲ್ಲೊಂದು ಬಂದು ಜಟಕಾದ ಚಾವಣಿಗೆ ಬಡಿಯಿತು. ಕುದುರೆ ಮುಂಗಾಲೆತ್ತಿತು.

ನಾನು ಎದ್ದು ನಿಂತೆ. ಕೂಗಬೇಕೆಂದು ಬಾಯಿ ತೆರೆದರೆ ದನಿಯೇ ಬರಲಿಲ್ಲ. ಎಷ್ಟೋ ವಾರಗಳ ಪಿಸುಮಾತು ಅಭ್ಯಾಸವಾಗಿಹೋಗಿತ್ತು, ಇದ್ದ ಅರ್ಧ ಉಸಿರೂ ಭಯಕ್ಕೆ ಹಾರಿತ್ತು. ಕಡಿವಾಣ ಹಿಡಿದಿದ್ದ ಖಾದಿ ಅಂಗಿಯ ಒಬ್ಬ ವಿದ್ಯಾರ್ಥಿ ಹತ್ತಿರದಲ್ಲಿದ್ದ. ಅವನ ಕಿವಿಗೆ ಬಗ್ಗಿ ಪಿಸುಗುಟ್ಟಿದೆ: "ಗಾಳಿ ಹಾಕಿಸ್ಕೋಬೇಕು. ಬಿಟ್ಬಿಡಿ ಅಣ್ಣ."

ಅವನು ಏನು ಎಂಬಂತೆ ನೋಡಿದ. ಪಕ್ಕದವನಿಗೆ ಕೇಳಿಸಿತ್ತು. "ಗಾಳಿ ಹಾಕಿಸ್ಕೋಬೇಕಂತೆ. ಏನವ್ವ ನೀನು, ಸೈಕಲ್ಲಾ?" ಎಂದ ಅವನು. ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಹರತಾಳದ ದಿನ ಪಂಕ್ಚರ್ ಅಂಗಡಿಯೂ ಇಲ್ಲ ಎಂದು ಯಾರೋ ಸೇರಿಸಿದರು. ಆ ನಗುವಿನಲ್ಲಿ ಗಾಡಿಯ ಮೇಲಿನ ಕೈಗಳು ಸಡಿಲವಾದವು. ನನಗೆ ಅವಮಾನವಾಗಿ ಕಣ್ಣೀರು ಬಂತು, ಜೊತೆಗೇ ಕೆಮ್ಮೂ ಬಂತು. ಕೆಮ್ಮಿದ ಮೇಲೆ ಕರವಸ್ತ್ರದಲ್ಲಿ ಇದ್ದದ್ದನ್ನು ಆ ಖಾದಿ ಅಂಗಿಯವನು ಕಂಡ. ಅವನು ನಗಲಿಲ್ಲ.

"ಬುಡ್ರಪ್ಪ, ಆ ಕಾಯ್ಲೆ ಇದು. ದಾರಿ ಬುಡಿ" ಎಂದ.

ಆ ಕಾಯಿಲೆ ಎಂದ ಕೂಡಲೇ ಜನ ತಾವಾಗಿಯೇ ಹಿಂದೆ ಸರಿದರು. ಆ ರೋಗದಿಂದ ನನಗೆ ಆದ ಒಂದೇ ಉಪಕಾರ ಅದು. ಅವನು ಮಾತ್ರ ಸರಿಯದೆ, ಕುದುರೆಯನ್ನು ಹಿಡಿದು ಗುಂಪಿನ ನಡುವೆ ನಡೆಸಿಕೊಂಡು ಹೊರಟ. ಹಿನಕಲ್ಲಿನವನು, ನಂಜೇಗೌಡ, ಕಾಲೇಜಿನಲ್ಲಿ ಓದುತ್ತಿದ್ದೇನೆ ಎಂದು ಅಪ್ಪ ಕೇಳಿದ್ದಕ್ಕೆ ಹೇಳಿದ.

ಗುಂಪು ಮುಗಿಯಿತು ಎನ್ನುವಾಗ ಹಿಂದೆ ಶಿಳ್ಳೆಗಳ ಸದ್ದಾಯಿತು. ತಿರುಗಿ ನೋಡಿದರೆ ಜನ ದಿಕ್ಕಾಪಾಲಾಗಿ ಓಡುತ್ತಿದ್ದಾರೆ, ಲಾಠಿಗಳು ಏಳುತ್ತಿವೆ. ಮುಂದೆ ನೋಡಿದರೆ ರಸ್ತೆಗೆ ಅಡ್ಡವಾಗಿ ಪೊಲೀಸರ ಸಾಲು. ಖಾದಿ ಅಂಗಿ ತೊಟ್ಟ ನಂಜೇಗೌಡ ಎರಡರ ನಡುವೆ ಸಿಕ್ಕಿಕೊಂಡಿದ್ದ. ಹಿಂದಕ್ಕೆ ಹೋದರೂ ಏಟು, ಮುಂದಕ್ಕೆ ಹೋದರೂ ಏಟು. ಕುದುರೆ ಬಿಟ್ಟು ಓಡಲು ನೋಡಿದ.

ಅಪ್ಪ ನನ್ನ ಹೆಗಲಿನಿಂದ ಕೋಟನ್ನು ತೆಗೆದರು. "ಹಾಕ್ಕೊಂಡು ಹತ್ತಪ್ಪ" ಎಂದರು.

ನಾನು ಅಪ್ಪನನ್ನು ನೋಡಿದೆ. ದಸರಾ ಹತ್ತಿರದಲ್ಲಿತ್ತು. ಕೋಟಿಲ್ಲದೆ ಅವರು ಬ್ಯಾಂಡಿನಲ್ಲಿ ನಿಲ್ಲುವಂತಿರಲಿಲ್ಲ. ಚಳವಳಿಗಾರನಿಗೆ ಅದನ್ನು ತೊಡಿಸಿದ್ದು ತಿಳಿದರೆ ಕೆಲಸ ಹೋಗುವುದು ಮಾತ್ರವಲ್ಲ, ಜೈಲೂ ಆದೀತು. ನಂಜೇಗೌಡನೂ ಕೋಟನ್ನು ನೋಡಿದ. ನಾನು ಅದನ್ನು ಹೊದ್ದು ಕೆಮ್ಮಿದ್ದನ್ನು ಈಗಷ್ಟೇ ಕಂಡವನು ಅವನು. ನನ್ನ ಸ್ವಂತ ಸೋದರತ್ತೆ ನಮ್ಮ ಮನೆಯ ನೀರು ಕುಡಿದಿರಲಿಲ್ಲ. ಅವನು ಒಂದು ಗಳಿಗೆ ತಡೆದ. ಆಮೇಲೆ ತೋಳು ತೂರಿಸಿ, ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ನಮ್ಮ ಪಕ್ಕದಲ್ಲಿ ಕೂತ.

ಪೊಲೀಸರ ಸಾಲಿನ ಕಡೆ ಜಟಕಾ ನಡೆಯುತ್ತಿದ್ದಾಗ ನಾನು ಅಪ್ಪನ ಕೈ ಹಿಡಿದುಕೊಂಡೆ. ಕೈ ನಡುಗುತ್ತಿತ್ತು. ನನ್ನದೇ ಜ್ವರದ ನಡುಕ ಎಂದುಕೊಂಡು ಬಿಗಿಯಾಗಿ ಹಿಡಿದೆ, ನಿಲ್ಲಲಿಲ್ಲ. ಆಗ ಗೊತ್ತಾಯಿತು. ನಡುಗುತ್ತಿದ್ದದ್ದು ಅಪ್ಪನ ಕೈ. ಕ್ಲಾರಿನೆಟ್ಟಿನ ರಂಧ್ರಗಳ ಮೇಲೆ ಒಂದು ಕೂದಲೆಳೆಯಷ್ಟೂ ತಪ್ಪದ ಬೆರಳುಗಳು ಅವು. ಭಯವೇ ಗೊತ್ತಿಲ್ಲದ ಮನುಷ್ಯ ಎಂದುಕೊಂಡಿದ್ದೆನಲ್ಲ, ಆ ಮನುಷ್ಯನಿಗೆ ಮಣಿಕಟ್ಟಿನವರೆಗೂ ಭಯ ತುಂಬಿತ್ತು. ಅವರ ತುಟಿಗಳು ಮಾತ್ರ ಸದ್ದಿಲ್ಲದೆ ಆಡುತ್ತಿದ್ದವು. ಏನು ಹೇಳಿಕೊಳ್ಳುತ್ತಿದ್ದಾರೆಂದು ನನಗೆ ಕೇಳಬೇಕಾಗಿರಲಿಲ್ಲ.

ಪೊಲೀಸಿನವನು ಒಳಗೆ ಬಗ್ಗಿ, ಇವನು ಯಾರು ಎಂದ. ಅಪ್ಪ ಸುಳ್ಳು ಹೇಳುವವರಲ್ಲ. ಈಗ ಏನು ಮಾಡುತ್ತಾರೋ ಎಂದು ಅವರ ಮುಖವನ್ನೇ ನೋಡಿದೆ. "ನಮ್ಮ ಜೊತೆಯವನು ಸ್ವಾಮಿ. ಮಗಳನ್ನ ಆಸ್ಪತ್ರೆಗೆ ಕರ್ಕೊಂಡ್ಹೋಗ್ತಾ ಇದ್ದೀವಿ" ಎಂದರು. ಪೊಲೀಸಿನವನು ಗುಂಡಿಗಳನ್ನು ನೋಡಿದ, ಲಾಠಿ ಪಕ್ಕಕ್ಕೆ ಸರಿಸಿದ. ಜಟಕಾ ಲಕ್ಷ್ಮೀಪುರಂ ದಾಟಿತು. ಅಲ್ಲಿ ನಂಜೇಗೌಡ ಇಳಿದ. ಕೋಟು ಬಿಚ್ಚಲು ಹೋದವನನ್ನು ಅಪ್ಪ ತಡೆದರು. ಊರು ಸೇರುವವರೆಗೆ ಹಾಕಿಕೊಂಡಿರು, ಆಮೇಲೆ ತಂದು ಕೊಡುವೆಯಂತೆ ಎಂದು ಮನೆಯ ಗುರುತು ಹೇಳಿದರು. ಅವನು ತಲೆಯಾಡಿಸಿ ಗದ್ದೆ ಬದುವಿನ ಕಡೆ ನಡೆದ.

ಆಸ್ಪತ್ರೆಯಲ್ಲಿ ಅರ್ಧ ಮಂದಿ ಕೆಲಸಕ್ಕೆ ಬಂದಿರಲಿಲ್ಲ. ಡಾಕ್ಟರಮ್ಮ ನಮ್ಮನ್ನು ಕಂಡು ಏನೂ ಕೇಳದೆ ಬಲಮಗ್ಗುಲಾಗಿ ಮಲಗಿಸಿದರು. ಸೂಜಿ ಒಳಗೆ ಹೋಯಿತು. ಕೊಳವೆಯ ನೀರು ಆಡಲಿಲ್ಲ. ನಾನು ಉಸಿರೆಳೆದೆ, ಬಿಟ್ಟೆ. ನೀರು ಹಾಗೇ ನಿಂತಿತ್ತು. ಡಾಕ್ಟರಮ್ಮ ಸೂಜಿ ತೆಗೆದು ಇನ್ನೊಂದು ಕಡೆ ಚುಚ್ಚಿದರು. ಅಲ್ಲೂ ಆಡಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿದ್ದು ಕಂಡಿತು. ಮುಗಿಯಿತು, ಅಂಟಿಕೊಂಡುಬಿಟ್ಟಿದೆ ಎಂದುಕೊಂಡೆ. ಪ್ರಾರ್ಥನೆ ಮಾಡೋಣವೆಂದರೆ ಒಂದು ಮಾತೂ ನೆನಪಾಗಲಿಲ್ಲ. ನೆನಪಾದದ್ದು ಅಪ್ಪನ ನಡುಗುವ ಕೈ ಒಂದೇ. ಅದನ್ನೇ ಹಿಡಿದುಕೊಂಡಂತೆ ಮಂಚದ ಅಂಚನ್ನು ಹಿಡಿದೆ.

ಮೂರನೆಯ ಸಲ, ಬೆನ್ನಿಗೆ ಹತ್ತಿರವಾಗಿ ಚುಚ್ಚಿದರು. ನೀರು ಒಂದಿಷ್ಟು ಅಲುಗಿತು. ನಿಂತಿತು. ಮತ್ತೆ ಅಲುಗಿ, ಮೇಲೇರಿ, ಇಳಿಯಿತು.

"ಹ್ಞೂಂ" ಎಂದರು ಡಾಕ್ಟರಮ್ಮ.

ಹೊರಗೆ ಬಂದಾಗ ಅಪ್ಪ ಬರೀ ಅಂಗಿಯಲ್ಲಿ, ಮಳೆಗೆ ನೆನೆದು, ಗೋಡೆಗೆ ಒರಗಿ ನಿಂತಿದ್ದರು. ನೀರು ಆಡಿತೇ ಎಂದು ಕಣ್ಣಲ್ಲೇ ಕೇಳಿದರು. ಆಡಿತು ಎಂದೆ. ಅವರು ಮುಖ ಮುಚ್ಚಿಕೊಂಡು ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೋಟು ವಾಪಸು ಬರದಿದ್ದರೆ ಎಂದು ಕೇಳಿದೆ.

"ಅದೇ ಹೆದರಿಕೆ ಆಗ್ತಾ ಇದೆ ಕಣಮ್ಮ. ತುಂಬ ಹೆದರಿಕೆ ಆಗ್ತಾ ಇದೆ" ಎಂದರು. ಕಣ್ಣೊರೆಸಿಕೊಂಡರು. "ಆದ್ರೂ ಕರ್ತನು ಆಳ್ತಾನೆ."

ಆ ಎರಡು ಮಾತುಗಳನ್ನು ಒಟ್ಟಿಗೆ ಅವರ ಬಾಯಿಂದ ಕೇಳಿದ್ದು ಅವತ್ತೇ. ಬಹುಶಃ ಅವರು ಪ್ರತಿ ಸಲವೂ ಎರಡನ್ನೂ ಹೇಳುತ್ತಿದ್ದರು, ಮೊದಲನೆಯದನ್ನು ಮನಸ್ಸಿನಲ್ಲಿ ಹೇಳಿಕೊಂಡು ಎರಡನೆಯದನ್ನು ಮಾತ್ರ ನಮಗೆ ಕೊಡುತ್ತಿದ್ದರು. ನನ್ನ ಉರಿ ಅಲ್ಲಿಗೆ ಆರಿತು.

ಕೋಟು ಬಂತು, ಆದರೆ ನಮ್ಮನ್ನು ಚೆನ್ನಾಗಿ ಕಾಯಿಸಿ ಬಂತು. ನಂಜೇಗೌಡ ಬೇರೊಂದು ದಿನದ ಮೆರವಣಿಗೆಯಲ್ಲಿ ಸಿಕ್ಕಿಬಿದ್ದು ಜೈಲು ಸೇರಿದ್ದ. ಅಲ್ಲಿಯವರೆಗೆ ಅಪ್ಪ ಬಾಗಿಲು ತಟ್ಟಿದ ಸದ್ದಿಗೆಲ್ಲ ಬೆಚ್ಚುತ್ತಿದ್ದರು. ಅರಮನೆಗೂ ಚಳವಳಿಯವರಿಗೂ ಒಪ್ಪಂದವಾಗಿ ಎಲ್ಲರನ್ನೂ ಬಿಟ್ಟ ಮೇಲೆ, ದಸರಾಕ್ಕೆ ಸ್ವಲ್ಪ ಮುಂಚೆ, ಅವನು ಕೋಟನ್ನು ಮಡಚಿ ಹೆಗಲ ಮೇಲಿಟ್ಟುಕೊಂಡು ಬಂದ. ಅವನ ತಾಯಿ ಅದನ್ನು ಬಿಸಿಲಿಗೆ ಹಾಕಿ, ಗುಂಡಿಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ್ದರು. ಆ ದಸರೆಯಲ್ಲಿ ಇಡೀ ಬ್ಯಾಂಡಿನಲ್ಲಿ ಅಪ್ಪನ ಗುಂಡಿಗಳೇ ಹೊಳೆದವು. ನಂಜೇಗೌಡನ ಎದೆಗೆ ಏನಾದರೂ ತಗುಲಿತೋ ಎಂದು ನಾನು ವರ್ಷಗಟ್ಟಲೆ ಹೆದರಿದೆ. ಏನೂ ಆಗಲಿಲ್ಲ. ಈಗಲೂ ಸಿಕ್ಕಾಗ, ಗಾಳಿ ಇದೆಯೇ ಕಮ್ಮಿಯಾಗಿದೆಯೇ ಎಂದು ಚುಡಾಯಿಸುತ್ತಾನೆ.

ಆಮೇಲೂ ಎಷ್ಟೋ ಕಾಲ ಗಾಳಿ ಹಾಕಿಸಿಕೊಂಡೆ. ಎದೆಯ ಗಾಯ ಮಾಯಿತು. ಹಾಡು ವಾಪಸು ಬರಲಿಲ್ಲ. ಚರ್ಚಿನಲ್ಲಿ ಒಂದು ಸಾಲು ಹಾಡಿ ಎರಡನೆಯದಕ್ಕೆ ನಿಲ್ಲುತ್ತೇನೆ, ಅಪ್ಪ ಇರುವವರೆಗೆ ಉಳಿದ ಸಾಲನ್ನು ನನ್ನ ಪಕ್ಕದಲ್ಲಿ ಅವರು ಹಾಡುತ್ತಿದ್ದರು.

ಇನ್ನು ಬೆಂಚಿನ ಹುಡುಗಿಯ ಪ್ರಶ್ನೆ. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕರೆದಿದ್ದರು. ಇಷ್ಟು ವರ್ಷವಾದರೂ, ಎದೆ ಗಟ್ಟಿಯಾಗಿದೆ ಎಂದು ಗೊತ್ತಿದ್ದರೂ, ಆ ಬಾಗಿಲಿನಿಂದ ಹೆಸರು ಕೇಳಿದರೆ ನನಗೆ ಭಯವಾಗುತ್ತದೆ. ಏಳುವ ಮೊದಲು ಅವಳ ಕೈ ಹಿಡಿದುಕೊಂಡೆ. ಅವಳು ನಾಚಿ ಕೈ ಹಿಂದೆಗೆಯಲು ನೋಡಿ, "ನೋಡಿ ಮಿಸ್, ನನ್ ಕೈ ಎಷ್ಟು ನಡುಗ್ತಿದೆ" ಎಂದಳು.

"ಅದು ನಿನ್ನದಲ್ಲ ಕಣೇ," ಎಂದೆ, "ನಂದು."